ಬೈಟೂ ಕಾಫಿ... ಫುಲ್ ಸಾಲ!

ನಮ್ಮ ಬೆಂಗಳೂರಿನ ಹೋಟೆಲುಗಳಲ್ಲಿ ಒಂದು ಮಾತಿದೆ. ಬೇರೆ ಊರಿನವರು ಕೇಳಿದರೆ ನಗುತ್ತಾರೆ. ‘ಬೈಟೂ ಕಾಫಿ!’ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ ಕೊಡುವುದು. ಇದರಲ್ಲಿ ನಾಚಿಕೆಯಿಲ್ಲ, ಸಂಕೋಚವಿಲ್ಲ. ಬೂಟು ಹಾಕಿದವರೂ ಕೇಳುತ್ತಾರೆ, ಲೈಟ್‌ಬಾಯ್‌ಗಳೂ ಕೇಳುತ್ತಾರೆ. ಜೇಬಿನಲ್ಲಿ ದುಡ್ಡು ಕಡಿಮೆ ಇದೆ ಎಂಬುದನ್ನು ಇಷ್ಟು ಮರ್ಯಾದೆಯಿಂದ ಹೇಳುವ ಮಾತು ಇನ್ನೊಂದು ಇದೆಯೋ ಇಲ್ಲವೋ ನಾನರಿಯೆ.

ಅಂಥ ಊರಿನಲ್ಲಿದ್ದುಕೊಂಡು ನಾನು 87,700 ರೂಪಾಯಿ ಸಾಲ ಮಾಡಿದೆ. ಯಾತಕ್ಕೆ? ‘ನನ್ನ ಹತ್ತಿರ ದುಡ್ಡಿಲ್ಲ’ ಎಂಬ ಮೂರು ಮಾತು ಬಾಯಿಂದ ಹೊರಡಲಿಲ್ಲವಲ್ಲ, ಅದಕ್ಕೆ!

ಸಿನಿಮಾ ಪತ್ರಿಕೆಯಲ್ಲಿ ಸಾಲದ ಕಥೆ ಯಾಕಪ್ಪಾ ಎಂದು ಹುಬ್ಬೇರಿಸಬೇಡಿ. ಗಾಂಧಿನಗರದಲ್ಲಿ ಸಾಲವಿಲ್ಲದ ಕಥೆ ಯಾವುದಿದೆ ಸ್ವಾಮಿ? ನಿರ್ಮಾಪಕರ ಸಾಲದ ಬಗ್ಗೆ ಇದೇ ಕೈಯಿಂದ ಎಷ್ಟೋ ಸಲ ಬರೆದಿದ್ದೇನೆ. ಬರೆದು ಅವರ ಶಾಪ ತಿಂದಿದ್ದೇನೆ. ಈ ವಾರ ನನ್ನ ಸರದಿ.

ನಾಲ್ಕು ಜನ, ಒಂದು ಟೇಬಲ್ಲು

ನಾನು ತುಮಕೂರು ಜಿಲ್ಲೆಯವನು. ಈಗ ವಯಸ್ಸು ಇಪ್ಪತ್ತೆಂಟು. ಪಿಯುಸಿ ಎರಡನೇ ವರ್ಷಕ್ಕೇ ಕಾಲೇಜಿಗೆ ಕೈಮುಗಿದು ಬಸ್ಸು ಹತ್ತಿದೆ. ಬೆಂಗಳೂರಿನಲ್ಲಿ ಒಂದಷ್ಟು ದಿನ ಪ್ರೆಸ್ಸಿನಲ್ಲಿ ಕರಡು ತಿದ್ದಿದೆ. ಆಮೇಲೆ ಸಿನಿಮಾ ಸುದ್ದಿ ಬರೆಯತೊಡಗಿದೆ. ಯಾವ ಪತ್ರಿಕೆಯ ಹಾಜರಿ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಬರೆದಷ್ಟಕ್ಕೆ ದುಡ್ಡು. ಬರೆದದ್ದು ಈ ತಿಂಗಳಾದರೆ ದುಡ್ಡು ಬರುವುದು ಇನ್ಯಾವ ತಿಂಗಳೋ! ಎಲ್ಲ ಸೇರಿ ಹನ್ನೆರಡು ಸಾವಿರ ಕಂಡ ತಿಂಗಳು ನನಗೆ ದೀಪಾವಳಿ.

ಪತ್ರಿಕಾಗೋಷ್ಠಿ ಮುಗಿದ ಮೇಲೆ ನಾವು ನಾಲ್ಕು ಜನ ಊಟಕ್ಕೆ ಹೋಗುತ್ತಿದ್ದೆವು. ಒಬ್ಬ ಸ್ಟಿಲ್ ಫೋಟೋಗ್ರಾಫರ್, ಒಬ್ಬ ಸಹಾಯಕ ನಿರ್ದೇಶಕ, ಒಬ್ಬ ಡಬ್ಬಿಂಗ್ ಕಲಾವಿದ, ಮತ್ತು ನಾನು. ಮಾತೆಂದರೆ ಮಾತು! ಯಾವ ಹೀರೋನ ಡೇಟು ಯಾರಿಗೆ, ಯಾರ ಪಿಕ್ಚರ್ ಡಬ್ಬದಲ್ಲೇ ಕೂತಿತು, ಎಲ್ಲವೂ ಆ ಟೇಬಲ್ಲಿನ ಮೇಲೆಯೇ ತೀರ್ಮಾನ.

ಕೊನೆಗೆ ಬಿಲ್ಲು ಬರುತ್ತದೆ. ಡಬ್ಬಿಂಗ್ ಮಹಾಶಯ ತನ್ನ ಕಂಚಿನ ಕಂಠದಲ್ಲಿ, ‘ಡಿವೈಡ್ ಬೈ ಫೋರ್!’ ಅನ್ನುತ್ತಾನೆ.

ಒಂದು ರಾತ್ರಿಯ ಲೆಕ್ಕ ನನಗೆ ಇನ್ನೂ ನೆನಪಿದೆ. ಊಟ 2,600 ರೂಪಾಯಿ. ಶೇಕಡ 5ರ ಜಿಎಸ್‌ಟಿ 130. ಒಟ್ಟು 2,730. ತಲೆಗೆ 682 ರೂಪಾಯಿ 50 ಪೈಸೆ. ಅವರು ಮೂವರು ಕಬಾಬು, ಚಾಪ್ಸು, ಬಿರಿಯಾನಿ ಎಂದು ಬಾರಿಸಿದ್ದರು. ನಾನು ಬೇಕೆಂದೇ ಎರಡು ರೋಟಿ, ದಾಲ್, ಒಂದು ಮೊಸರು ಎಂದು ಹೇಳಿದ್ದೆ. ‘ಹೊಟ್ಟೆ ಸರಿಯಿಲ್ಲ ಮಗಾ’ ಎಂಬ ನೆಪ ಬೇರೆ. ನಾನು ತಿಂದದ್ದು 240 ರೂಪಾಯಿಯದು. ಕಟ್ಟಿದ್ದು 682.50. ಹೊಟ್ಟೆ ನಿಜವಾಗಿಯೂ ಉರಿದದ್ದು ಆಮೇಲೆ!

ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಹೇಳಲಿಲ್ಲ. ಗೆಳೆಯರ ಮುಂದೆ ಸಣ್ಣವನಾಗಬಾರದು, ಅಷ್ಟೇ. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಸೇರಿಸಿದ್ದರೆ ಮಾತ್ರ ನಾನು ಎದ್ದು ನಿಂತು ಹೋಟೆಲಿನವನಿಗೆ ಕಾನೂನು ಹೇಳುತ್ತಿದ್ದೆ. ಗಿರಾಕಿಯನ್ನು ಕೇಳದೆ ಸರ್ವೀಸ್ ಚಾರ್ಜ್ ಸೇರಿಸುವ ಹಾಗಿಲ್ಲ ಎಂದು 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಪ್ರಾಧಿಕಾರ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೋಟೆಲಿನ ಶೇಕಡ ಹತ್ತಕ್ಕೆ ಇಷ್ಟು ಕುಣಿದಾಡಿದ ಗಂಡುಗಲಿ, ತನ್ನ ಜೇಬಿನ ಶೇಕಡ ನಲವತ್ತೆರಡನ್ನು ನೋಡಲೇ ಇಲ್ಲ. ಅದನ್ನೇ ಹೇಳುತ್ತೇನೆ ಕೇಳಿ.

ಜೇಬು ನನ್ನದು, ದುಡ್ಡು ಬ್ಯಾಂಕಿನದು

2021ರಲ್ಲಿ ಒಂದು ವರ್ಷದ ಮಟ್ಟಿಗೆ ನನಗೊಂದು ಸಂಬಳದ ಕೆಲಸವಿತ್ತು. ಆಗ ಬ್ಯಾಂಕಿನವರು ಕರೆದು ಒಂದು ಕ್ರೆಡಿಟ್ ಕಾರ್ಡ್ ಕೊಟ್ಟರು. ಕೆಲಸ ಹೋಯಿತು. ಕಾರ್ಡು ಉಳಿಯಿತು.

ಒಂದು ರಾತ್ರಿ ಜೇಬಿನಲ್ಲಿ ನೂರು ರೂಪಾಯಿಯೂ ಇರಲಿಲ್ಲ. ಬಿಲ್ಲು ಬಂತು. ಏನು ಮಾಡಲಿ? ಥಟ್ಟನೆ ಕಾರ್ಡು ತೆಗೆದು, ‘ನಾನು ಕೊಡ್ತೀನಿ ಬಿಡ್ರೋ, ನಿಮ್ಮದು ನನಗೆ ಫೋನ್‌ಪೇ ಮಾಡಿ’ ಅಂದೆ. ಮೂವರೂ ಅಲ್ಲೇ ಕಳಿಸಿದರು. ಎರಡು ಸಾವಿರ ಚಿಲ್ಲರೆ ನನ್ನ ಅಕೌಂಟಿಗೆ ಬಂದು ಬಿತ್ತು!

ನೋಡಿ ಚಮತ್ಕಾರ! ಊಟವೂ ಆಯಿತು, ಕೈಗೆ ಕಾಸೂ ಬಂತು, ಜೊತೆಗೆ ‘ಏನ್ ದಿಲ್ ಗುರು ನಿಂದು’ ಎಂಬ ಬಿರುದೂ ಸಿಕ್ಕಿತು. ಮಾರನೇ ದಿನ ಆ ದುಡ್ಡಿನಲ್ಲಿ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ಅಂದಿನಿಂದ ವಾರಕ್ಕೆ ಎರಡು ಸಲ ಬಿಲ್ಲು ಕೊಡುವ ಧಣಿ ನಾನೇ. ಕೆಲವು ಸಲ ‘ನಾಳೆ ಹಾಕ್ತೀನಿ’ ಎಂದವರು ಹಾಕಲೇ ಇಲ್ಲ. ಕೇಳುವುದಕ್ಕೆ ಧಣಿಗೆ ನಾಚಿಕೆ!

ಕಾರ್ಡಿನ ಬಿಲ್ಲು ತಿಂಗಳಾದ ಮೇಲೆ ಬರುತ್ತದೆ. ಪೂರ್ತಿ ಕಟ್ಟಲು ಆಗದಿದ್ದರೆ ‘ಮಿನಿಮಮ್’ ಕಟ್ಟಿದರೂ ಸಾಕು ಎಂದು ಅದರಲ್ಲೇ ಬರೆದಿರುತ್ತದೆ. ಎಷ್ಟು ದಯೆ ನೋಡಿ! ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡ 3.5. ವರ್ಷಕ್ಕೆ ನಲವತ್ತೆರಡು. ಬಾಕಿ 40,000 ಇದ್ದಾಗ ಮಿನಿಮಮ್ ಎಂದು 2,000 ಕಟ್ಟುತ್ತಿದ್ದೆ. ಅದರಲ್ಲಿ ಬಡ್ಡಿಯೇ 1,400. ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ 252. ಅಸಲಿಗೆ ಹೋದದ್ದು ಬರೀ 348 ರೂಪಾಯಿ! ಬಾಕಿ ಉಳಿಸಿಕೊಂಡರೆ ಹೊಸದಾಗಿ ತಿಂದ ಊಟಕ್ಕೂ ಅವತ್ತಿನಿಂದಲೇ ಬಡ್ಡಿ. ಇದು ನನಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. 1971ರ ‘ಕಸ್ತೂರಿ ನಿವಾಸ’ ಚಿತ್ರಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ನಾನು ಕಾಲೇಜಿಗೆ ಚಕ್ಕರ್ ಹೊಡೆದು ನೋಡಿದವನು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರಾಜಕುಮಾರ್, ಎಲ್ಲವನ್ನೂ ಕಳೆದುಕೊಂಡರೂ ಕೊಡುವ ಕೈಯನ್ನು ಹಿಂದಕ್ಕೆ ಎಳೆಯುವುದಿಲ್ಲ. ಥಿಯೇಟರಿನಲ್ಲಿ ಗೊಳೋ ಎಂದು ಅತ್ತೆ. ಬದುಕಿದರೆ ಹೀಗೆ ಬದುಕಬೇಕು ಎಂದುಕೊಂಡು ಹೊರಗೆ ಬಂದೆ. ಆದರೆ ಪಾಠ ಅರ್ಧ ಕಲಿತಿದ್ದೆ. ಆ ಪಾತ್ರ ಕೊಟ್ಟದ್ದು ತನ್ನದನ್ನು. ನಾನು ಕೊಟ್ಟದ್ದು ಬ್ಯಾಂಕಿನದನ್ನು... ಆಮೇಲೆ ಹೆಂಡತಿಯದನ್ನು.

ಮಹಡಿಯ ಮೇಲಿನ ಫೋನು

ನನ್ನ ಮದುವೆ ಆದದ್ದು 2022ರಲ್ಲಿ. ನನ್ನಾಕೆ ಹಾಸನದ ಕಡೆಯವಳು. ಇಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ ಹಾಕುವ ಕೆಲಸ. ಹದಿನಾಲ್ಕು ಸಾವಿರ ಸಂಬಳ. ಹಾಲಿನವನ ಲೆಕ್ಕ, ತರಕಾರಿ ಲೆಕ್ಕ, ಚೀಟಿ ಲೆಕ್ಕ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಅದರಲ್ಲಿ ನನ್ನ ಹೆಸರಿಗೂ ಒಂದು ಪುಟವಿತ್ತು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದಳು. ನಾನು ಹೇಳಿದ್ದರಲ್ಲಿ ಅರ್ಧ ಕಥೆ, ಚಿತ್ರಕಥೆ, ಸಂಭಾಷಣೆ!

ಕಾರ್ಡಿನ ಬಡ್ಡಿ ಕಟ್ಟುವುದಕ್ಕೆ ಫೋನಿನ ಆಪ್ ಒಂದರಲ್ಲಿ ಸಾಲ ತೆಗೆದೆ. ಮಂಜೂರಾದದ್ದು 15,000. ಅದು ಇದು ಎಂದು ಹಿಡಿದು ಕೈಗೆ ಬಂದದ್ದು 12,900. ಆ ಕಂತು ತಪ್ಪಿತು. ವಸೂಲಿಯವರ ಫೋನು ಶುರುವಾಯಿತು. ಫೋನು ಬಂದರೆ ಸಾಕು ನಾನು ಮಹಡಿ ಹತ್ತುತ್ತಿದ್ದೆ.

‘ಯಾರ್ರೀ ಅದು ಹೀರೋಯಿನ್ನು?’ ಎಂದು ಇವಳು ಕೆಳಗಿನಿಂದ ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಮೊದಮೊದಲು ಅವಳೂ ನಕ್ಕೇ ಕೇಳುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟಳು. ನಾನು ಬಚಾವಾದೆ ಅಂದುಕೊಂಡೆ. ಎಂಥ ಪೆದ್ದ ನೋಡಿ!

ಇದಕ್ಕಿಂತ ದೊಡ್ಡ ಪಾಪ ಒಂದಿದೆ. ಇವಳಿಗೆ ತವರಿನಲ್ಲಿ ಹಾಕಿದ್ದ ಒಂದು ಜೊತೆ ಜುಮುಕಿ ಓಲೆ. ಎಂಟು ಗ್ರಾಂ. ‘ಬಾಡಿಗೆ ಮನೆ, ಕಳ್ಳಕಾಕರ ಭಯ, ಊರಲ್ಲಿ ಅಮ್ಮನ ಹತ್ರ ಇರ್ಲಿ’ ಎಂದು ಹೇಳಿ ತೆಗೆದುಕೊಂಡು ಹೋದೆ. ಊರಿಗೆ ಹೋದದ್ದು ನಾನೊಬ್ಬನೇ. ಓಲೆ ಹೋದದ್ದು ಚಿನ್ನದ ಸಾಲ ಕೊಡುವವರ ತಿಜೋರಿಗೆ. 30,000 ರೂಪಾಯಿಗೆ!

ಇದನ್ನು ಬರೆಯುವಾಗ ಕೈ ನಡುಗುತ್ತದೆ. ಆದರೆ ಬರೆಯದಿದ್ದರೆ ಮಿಕ್ಕಿದ್ದೆಲ್ಲ ಬರೆದೂ ಸುಖವಿಲ್ಲ.

ಷೋರೂಮಿನ ಆ ಹುಡುಗ

2024ರ ಆಗಸ್ಟ್. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರವಿತ್ತು. ‘ಹಬ್ಬಕ್ಕೆ ಊರಿಂದ ಓಲೆ ತರಿಸಿ ರೀ’ ಎಂದು ಇವಳು ಎರಡು ಸಲ ಹೇಳಿದ್ದಳು. ಜೊತೆಗೆ ಇನ್ನೊಂದು ಆಸೆ, ಒಂದು ಸ್ಕೂಟರು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಬಂದರೆ ಬಸ್ಸು ಬರಬೇಕಲ್ಲ! ಎರಡು ಬಸ್ಸು ಬದಲಾಯಿಸಿ ಮನೆ ಸೇರುವಾಗ ಹನ್ನೊಂದು. ಸ್ಕೂಟರಿನ ಮುಂಗಡಕ್ಕೆಂದು ಎರಡು ವರ್ಷದಿಂದ ಆರ್‌ಡಿ ಕಟ್ಟಿ 24,000 ಕೂಡಿಸಿದ್ದಳು.

ಷೋರೂಮಿಗೆ ಹೋದೆವು. ನೀಲಿ ಬಣ್ಣ ಆರಿಸಿದಳು. ಸೀಟಿನ ಮೇಲೆ ಕೂತು ನೋಡಿದಳು. ಸಾಲದ ಟೇಬಲ್ಲಿನ ಹುಡುಗ ಅವಳ ಸಂಬಳದ ಚೀಟಿ ನೋಡಿ, ‘ಮೇಡಂ, ನಿಮ್ಮ ಹೆಸರಲ್ಲೇ ಮಾಡೋಣ. ಯಜಮಾನರದ್ದು ಗ್ಯಾರಂಟಿಗೆ ಒಂದು ಪ್ಯಾನ್ ನಂಬರ್ ಕೊಡಿ, ಸಾಕು’ ಅಂದ.

ನನ್ನ ಫೋನಿಗೆ ಓಟಿಪಿ ಬಂತು. ‘ಹೇಳಿ ಸಾರ್’ ಎಂದು ಅವನು. ‘ಹೇಳ್ರೀ’ ಎಂದು ಇವಳು. ಆರು ಅಂಕಿಗಳನ್ನು ನನ್ನ ಬಾಯಿಂದಲೇ ಹೇಳಿದೆ.

ಹುಡುಗ ಪರದೆ ನೋಡಿದ. ನನ್ನನ್ನು ನೋಡಿದ. ‘ಸಾರ್, ಸ್ಕೋರು 561 ಇದೆಯಲ್ಲ... ಕ್ರೆಡಿಟ್ ಕಾರ್ಡ್ ಬಾಕಿ ಇದೆ. ಪರ್ಸನಲ್ ಲೋನ್ ಒಂದು ಕಂತು ತಪ್ಪಿದೆ. ಗೋಲ್ಡ್ ಲೋನ್ ಬೇರೆ...’

300ರಿಂದ 900ರವರೆಗೆ ಇರುವ ಲೆಕ್ಕದಲ್ಲಿ ನನ್ನದು 561. ಸಾಲ ಕೊಡುವವರು ಹಿಂದೆ ಸರಿಯುವ ನಂಬರು. ಆದರೆ ಇವಳು ಆ ನಂಬರು ಕೇಳಿಸಿಕೊಳ್ಳಲೇ ಇಲ್ಲ. ‘ಗೋಲ್ಡ್’ ಎಂಬ ಮಾತು ಬಂದ ಕೂಡಲೇ ಅವಳ ಕೈ ತನ್ನ ಕಿವಿಗೆ ಹೋಯಿತು. ನನ್ನ ಕಡೆ ತಿರುಗಿ ಒಂದೇ ಸಲ ನೋಡಿದಳು. ‘ಆಮೇಲೆ ಬರ್ತೀವಪ್ಪ’ ಎಂದು ಹುಡುಗನಿಗೆ ಹೇಳಿ ಎದ್ದಳು.

ಏನು ತಿಂದ್ರಿ?

ಹೊರಗೆ ಬಂದು ಮೂಲೆಯ ದರ್ಶಿನಿಯಲ್ಲಿ ನಿಂತೆವು. ಇವಳೇ ಹೋಗಿ ಒಂದು ಬೈಟೂ ಕಾಫಿ ತಂದಳು. ಒಂದು ಲೋಟ ನನ್ನ ಕಡೆ ತಳ್ಳಿದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಎರಡೂ ಇಲ್ಲ.

‘ಎಷ್ಟು?’

ಹೇಳಿದೆ. ಕಾರ್ಡು 41,200. ಆಪು 16,500. ಓಲೆ 30,000.

‘ಏನು ತಿಂದ್ರಿ?’

ಓದುಗ ಮಹಾಶಯರೇ, ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೋಟಿ, ದಾಲ್, ಮೊಸರು ಎಂದು ಹೇಳಲೇ? ಗ್ಯಾಸು, ಹಾಲು ಎಂದು ಹೇಳಲೇ? ಬಡ್ಡಿ ಎಂದು ಹೇಳಲೇ? ಮೂವರು ಗೆಳೆಯರು ತಿಂದದ್ದಕ್ಕೆ ನಾನು ಬಿಲ್ಲು ಕಟ್ಟಿದೆ ಎಂದು ವರ್ಷಗಟ್ಟಲೆ ಒಳಗೊಳಗೇ ಉರಿದಿದ್ದೆ. ಆ ಟೇಬಲ್ಲಿಗೆ ಒಂದು ದಿನವೂ ಬಾರದವಳು, ಒಂದು ತುತ್ತೂ ತಿನ್ನದವಳು ಇಲ್ಲಿ ನಿಂತಿದ್ದಳು. ಅವಳ ಕೈಗೆ ಪೂರ್ತಿ ಬಿಲ್ಲು ಕೊಟ್ಟಿದ್ದೆ!

‘ಯಾವಳೋ ಇದ್ದಾಳೆ ಅಂದ್ಕೊಂಡಿದ್ದೆ’ ಅಂದಳು, ಕಾಫಿ ಕುಡಿಯದೆ. ‘ಅವಳಾಗಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಬ್ಯಾಂಕಿನ ಜೊತೆ ಹೇಗ್ರೀ ಜಗಳ ಆಡ್ಲಿ?’

ನನ್ನ ಲೋಟ ಹಾಗೇ ತಣ್ಣಗಾಯಿತು.

ಮನೆಗೆ ಬಂದ ಮೇಲೆ ನಾನೊಂದು ಜಾಣತನ ಮಾಡಲು ಹೋದೆ. ನನಗೆ ಪರಿಚಯದ ವಕೀಲರೊಬ್ಬರು ಹೇಳಿದ ಮಾತನ್ನು ಒಪ್ಪಿಸಿದೆ. ‘ಸಾಲದ ಪತ್ರಕ್ಕೆ ನಿನ್ನ ರುಜು ಇಲ್ಲ, ಗ್ಯಾರಂಟಿಯೂ ನಿಂದಲ್ಲ. ಹೆಂಡತಿ ಅಂದ ಮಾತ್ರಕ್ಕೆ ಬ್ಯಾಂಕಿನವರು ನಿನ್ನನ್ನ ಕೇಳೋ ಹಾಗಿಲ್ಲ ಕಣೇ.’

‘ಕಾನೂನು ಕೇಳಲ್ಲ ಸರಿ’ ಅಂದಳು. ‘ಅಕ್ಕಿ ಡಬ್ಬ ಕೇಳತ್ತಲ್ಲ?’

ಕಾನೂನಿನ ಮಾತು ಎತ್ತಿದವನು ನಾನೇ ಆದ್ದರಿಂದ ಇನ್ನರ್ಧವನ್ನೂ ಹೇಳಿಬಿಡುತ್ತೇನೆ. ಹೆಣ್ಣಿಗೆ ತವರಿನಲ್ಲಿ ಹಾಕಿದ ಒಡವೆ ಅವಳ ಸ್ವಂತದ ಸ್ತ್ರೀಧನ. ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು. ಕಷ್ಟಕಾಲಕ್ಕೆ ಬಳಸಿಕೊಂಡರೂ ವಾಪಸು ಕೊಡುವುದು ಗಂಡನ ಕರ್ತವ್ಯವಂತೆ. ನನ್ನದು ಕಷ್ಟಕಾಲವೂ ಅಲ್ಲ, ಬಿಂಕದ ಕಾಲ!

ಆ ರಾತ್ರಿ ಅವಳು ನೋಟ್‌ಬುಕ್ಕು ತೆಗೆದಳು. ನನ್ನ ಹೆಸರಿನ ಪುಟಕ್ಕೆ ಅಡ್ಡಗೆರೆ ಎಳೆದಳು. ಹೊಸ ಪುಟದಲ್ಲಿ ಮೂರು ಸಾಲ, ಮೂರು ಬಡ್ಡಿ ಬರೆದಳು. ಮೆಡಿಕಲ್ ಶಾಪಿನ ಬಿಲ್ಲಿನ ಹಾಗೆ ಒಂದರ ಕೆಳಗೊಂದು. ಆರ್‌ಡಿ ಮುರಿದು ಮೊದಲು ಆಪಿನದು ತೀರಿಸು, ಉಳಿದದ್ದು ಕಾರ್ಡಿಗೆ ಕಟ್ಟು, ಮಿಕ್ಕ ಬಾಕಿಗೆ ಬ್ಯಾಂಕಿನಲ್ಲಿ ಕಂತು ಮಾಡಿಸು ಎಂದಾಯಿತು. ‘ಮೊದಲು ನಿನ್ನ ಓಲೆ ಬಿಡಿಸೋಣ ಕಣೇ’ ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

‘ಅದರ ಬಡ್ಡಿ ಕಡಿಮೆ. ಅದು ಕೊನೆಗೆ’ ಅಂದಳು. ‘ಅಲ್ಲೇ ಇರ್ಲಿ. ನಿಮಗೆ ನೆನಪಿರ್ಲಿ.’

ಆ ವರ್ಷ ವರಮಹಾಲಕ್ಷ್ಮಿಗೆ ಅವಳು ಒಂದು ಗ್ರಾಂ ಗೋಲ್ಡಿನ ಓಲೆ ಹಾಕಿಕೊಂಡು ಕುಂಕುಮಕ್ಕೆ ಬಂದವರನ್ನು ಉಪಚರಿಸಿದಳು. ‘ಜುಮುಕಿ ಎಲ್ಲಿ?’ ಎಂದು ಪಕ್ಕದ ಮನೆಯಾಕೆ ಕೇಳಿದಾಗ, ‘ಊರಲ್ಲಿದೆ ಅಕ್ಕಾ’ ಅಂದಳು. ನಾನು ಹೇಳಿಕೊಟ್ಟ ಸುಳ್ಳು ಅವಳ ಬಾಯಲ್ಲಿ! ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಷೋರೂಮಿಗಿಂತ ಹೆಚ್ಚು ಚುಚ್ಚಿದ್ದು ಇದು.

ನನ್ನದು ಬೇರೆ ಬಿಲ್ಲು

ಅವಳು ಹಾಕಿದ ಷರತ್ತು ಒಂದೇ. ‘ಗೆಳೆಯರ ಹತ್ರ ನಿಜ ಹೇಳಿ ಬನ್ನಿ.’ ಸಾಲ ತೀರಿಸುವುದಕ್ಕಿಂತ ಇದು ಕಷ್ಟವಾಯಿತು.

ಮುಂದಿನ ಗೋಷ್ಠಿಯಾದ ಮೇಲೆ ಅದೇ ಟೇಬಲ್ಲು. ವೇಟರ್ ಬಂದ ಕೂಡಲೇ, ‘ನನ್ನದು ಬೇರೆ ಬಿಲ್ಲು ಮಾಡಪ್ಪಾ’ ಅಂದೆ. ಮೂವರೂ ನನ್ನನ್ನೇ ನೋಡಿದರು. ‘ದುಡ್ಡಿಲ್ಲ ಕಣ್ರೋ. ಯಾವತ್ತೂ ಇರಲಿಲ್ಲ’ ಎಂದು ಎಲ್ಲ ಹೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಹಾಯಕ ನಿರ್ದೇಶಕ ಮೆನು ಮುಚ್ಚಿಟ್ಟ. ‘ನನಗೂ ನಾಲ್ಕು ತಿಂಗಳಿಂದ ಪೇಮೆಂಟ್ ಇಲ್ಲ ಗುರುವೇ. ನೀನು ಕಾರ್ಡು ತೆಗೀತೀಯಲ್ಲ ಅಂತ ಬರ್ತಿದ್ದೆ. ನಾಳೆ ಹಾಕ್ತೀನಿ ಅಂತ ಹಾಕದೇ ಇದ್ದವನು ನಾನೇ’ ಎಂದ. ಫೋಟೋಗ್ರಾಫರ್ ತನ್ನ ಲೆನ್ಸಿನ ಕಂತಿನ ಕಥೆ ಬಿಚ್ಚಿದ. ನಾಲ್ವರಲ್ಲಿ ಮೂವರು ದಿವಾಳಿ! ಒಬ್ಬರ ಮುಂದೊಬ್ಬರು ಶ್ರೀಮಂತರ ಪಾರ್ಟು ಮಾಡುತ್ತ ಕೂತಿದ್ದೆವು. ಡಬ್ಬಿಂಗ್ ಕಲಾವಿದ ಮಾತ್ರ ‘ಏನೋ ಇದು ಅಳುಮುಂಜಿ ಪಿಕ್ಚರು’ ಎಂದು ನಕ್ಕ. ಆಮೇಲೆ ನಮ್ಮ ಕಡೆ ಬರುವುದು ಕಡಿಮೆ ಮಾಡಿದ. ಸಹಾಯಕ ನಿರ್ದೇಶಕ ತಿಂಗಳಿಗೆ ಐನೂರರಂತೆ ಹಳೆಯ ಬಾಕಿ ಕೊಡುತ್ತಿದ್ದಾನೆ. ಈಗ ನಾವು ಮೂವರು ನಿಂತುಕೊಂಡೇ ಕಾಫಿ ಕುಡಿಯುತ್ತೇವೆ. ಗಾಸಿಪ್ಪಿನ ರುಚಿ ಮಾತ್ರ ಮೊದಲಿನಷ್ಟೇ ಇದೆ!

ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಉಪಯೋಗದ ಸಂಗತಿ ಮಾತ್ರ ಹೇಳುತ್ತೇನೆ. ನಮ್ಮ ಹೆಸರಿನ ಸಾಲಗಳ ಪೂರ್ತಿ ಪಟ್ಟಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕು ಎಂದು ಸಿಬಿಲ್‌ನಂಥ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. 2017ರಿಂದಲೇ ಇದೆ. ಮದುವೆಗೆ ಮುಂಚೆ ಜಾತಕ ನೋಡುತ್ತೇವಲ್ಲ, ಮದುವೆಯಾದ ಮೇಲೆ ವರ್ಷಕ್ಕೊಮ್ಮೆ ಗಂಡ ಹೆಂಡತಿ ಕೂತು ಈ ಜಾತಕವನ್ನೂ ನೋಡಿದರೆ ತಪ್ಪೇನು? ನಮ್ಮ ಮನೆಯಲ್ಲಿ ಈಗ ಅದು ಯುಗಾದಿಯ ದಿನದ ಪಂಚಾಂಗ ಶ್ರವಣ!

ನಾನು ಸಂಜೆ ಹೊತ್ತು ಮತ್ತೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಆಪಿನದು ತೀರಿತು. ಕಾರ್ಡಿನದು ತೀರಿತು, ಕಾರ್ಡನ್ನು ಇವಳೇ ಕತ್ತರಿಸಿದಳು. ಓಲೆಯ ಮೇಲೆ ಇನ್ನು 11,000 ಬಾಕಿ. ಸ್ಕೂಟರು ಬಂದಿಲ್ಲ. ಪ್ರೆಸ್ಸು ಮುಗಿಸಿ ನಾನೇ ಹೋಗಿ ಅವಳ ಬಸ್‌ಸ್ಟಾಪಿನಲ್ಲಿ ಕಾಯುತ್ತೇನೆ. ಕೆಲವು ದಿನ ಮಾತಾಡಿಕೊಂಡು ಬರುತ್ತಾಳೆ. ಕೆಲವು ದಿನ ಏನೂ ಮಾತಾಡುವುದಿಲ್ಲ. ಫೋನು ಬಂದರೆ ಮಾತ್ರ ನಾನು ಅವಳ ಪಕ್ಕದಲ್ಲೇ ನಿಂತು ಮಾತಾಡುತ್ತೇನೆ.

ಈ ಲೇಖನಕ್ಕೆ ಸಂಭಾವನೆ ಎಷ್ಟು ಎಂದು ಸಂಪಾದಕರು ಹೇಳಿದ್ದಾರೆ. ಇವಳು ಅದನ್ನು ಆಗಲೇ ನೋಟ್‌ಬುಕ್ಕಿನಲ್ಲಿ, ಓಲೆಯ ಕೆಳಗೆ ಬರೆದುಕೊಂಡಿದ್ದಾಳೆ. ಆದ್ದರಿಂದ ಸಂಪಾದಕರೇ, ದಯವಿಟ್ಟು ಈ ಸಲ ತಡಮಾಡಬೇಡಿ!